ಆ ಗಿಡ

ಚಾಕುವಿನ ತುದಿಯಿಂದ ತೊಗಟೆಯನ್ನು ಉಗುರಿನಗಲ ಕೆರೆದದ್ದಷ್ಟೇ, ಒಳಗೆ ಹಸಿರು ಕಂಡಿತು. ಹಂಪೇಶ್ ಯಾರದೋ ಮನೆಯ ಬಚ್ಚಲಿನ ಬಾಗಿಲು ತಪ್ಪಿ ತೆರೆದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. ಕೆಳಗೆ ನೋಡಿದ. ಕುರುಗೋಡಿನ ಆ ಬೀದಿಯಲ್ಲಿ ನೆರೆದವರೆಲ್ಲ ಕತ್ತೆತ್ತಿ ಅವನನ್ನೇ ನೋಡುತ್ತಿದ್ದರು, ಆದರೆ ಅವನು ಕಂಡದ್ದು ಏನೆಂದು ಅಲ್ಲಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಸೊಂಟದ ಬೆಲ್ಟಿಗೆ ತೂಗುಬಿದ್ದಿದ್ದ ಮಿಷನ್ ಗರಗಸವನ್ನು ಅವನಿನ್ನೂ ಶುರು ಮಾಡಿರಲಿಲ್ಲ. ಹಗ್ಗ ಸಡಿಲಿಸಿಕೊಂಡು ಇನ್ನೊಂದು ಕೊಂಬೆಗೆ ಜರುಗಿ ಅಲ್ಲಿಯೂ ಕೆರೆದ. ಅಲ್ಲಿಯೂ ಹಸಿರು. ಬೆರಳಿಗೆ ಹತ್ತಿದ ಪಸೆಯನ್ನು ನಾಲಿಗೆಗೆ ಮುಟ್ಟಿಸಿದರೆ ಕಟ್ಟಾ ಕಹಿ. ತುದಿಯ ಕಡ್ಡಿಗಳು ಮುಟ್ಟಿದರೆ ಲಟಕ್ಕನೆ ಮುರಿಯುತ್ತಿದ್ದವು, ಎಲೆಗಳು ಸುಟ್ಟ ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು, ದಾರಿಹೋಕರು ಯಾರನ್ನು ಕೇಳಿದರೂ ಸತ್ತೈತಿ ಬಿಡ್ರಿ ಅನ್ನುವಂಥ ಬೇವು. ಒಳಗೆ ನೋಡಿದರೆ ಹೀಗೆ. ಸತ್ತಿಲ್ಲ ಇದು. ಸತ್ತಿಲ್ಲ ಅಂದ್ರ ಅನುಷಾ ತಪ್ಪ್ಯಾಳ. ಈ ಎರಡನೆಯ ಮಾತು ತಲೆಯಲ್ಲಿ ಮೂಡಿದ್ದೇ ಅವನು ಮೂರನೆಯ ಕಡೆಯೂ ಕೆರೆದು ನೋಡಿದ, ಅಲ್ಲಿಯೂ ಹಸಿರೇ. ಹೆಂಡತಿ ಗಿಡದ ವಿಷಯದಲ್ಲಿ ತಪ್ಪಬಹುದು ಎಂದು ಅವನು ಇಲ್ಲಿಯತನಕ ಎಣಿಸಿಯೇ ಇರಲಿಲ್ಲ.

ಬೆಳಗ್ಗೆ ಅವಳ ಫೋನು ಬಂದಾಗ ಅವನು ಬಳ್ಳಾರಿಯ ಗಾಂಧಿನಗರದ ತಮ್ಮ ಅಂಗಡಿಯ ಮುಂದೆ ಹಗ್ಗ ಸುತ್ತುತ್ತ ಕೂತಿದ್ದ. ಅನುಷಾ ನಸುಕಿನಲ್ಲೇ ಸಿರುಗುಪ್ಪಕ್ಕೆ ಹೋಗಿದ್ದಳು. ಅಲ್ಲೊಂದು ಅಕ್ಕಿ ಗಿರಣಿಯ ಅಂಗಳದ ಹಳೆಯ ಹುಣಸೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಅವಳು ಹತ್ತಿ ನೋಡಿ ಹೇಳಬೇಕಿತ್ತು. ಗಿರಣಿಯ ಗದ್ದಲದ ನಡುವೆ ಅವಳು ಕೂಗಿ ಹೇಳಿದ್ದು ಇಷ್ಟೇ: “ಕುರುಗೋಡು ಹೊನ್ನೂರಮ್ಮಾರ ಬೇವು ನಿನ್ನೆ ನೋಡಿ ಬಂದೀನ್ರಿ. ಇವತ್ತ ಲೈನಿನ ಕರೆಂಟ್ ತೆಗೆಸೀನಿ. ಹೋಗಿ ಆ ಗಿಡ ತೆಗೆದುಬಿಡ್ರಿ, ಬಿಟ್ರ ಕೆಡ್ತೈತಿ.” ಆಯ್ತು ಅಂದ. ಪೂರಾ ತೆಗೀಬೇಕೇನು ಅಂತ ಕೇಳಲು ಬಾಯಿ ತೆರೆದದ್ದು ನಿಜ. ಕೇಳಲಿಲ್ಲ. ಅವಳು ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಒಮ್ಮೆ, ಇದು ಕಡೀಲೇನು, ಅದು ಬಿಡ್ಲೇನು ಎಂದು ಇವನು ಮೇಲಿಂದ ಮೇಲೆ ಕೇಳಿದಾಗ, ಎಲ್ಲಾ ನನ್ನೇ ಕೇಳ್ತೀರಿ, ನಿಮ್ಮ ಕಣ್ಣು ಎಲ್ಲಿಟ್ಟೀರಿ ಅಂದಿದ್ದಳು. ಸಿಟ್ಟಿನಿಂದ ಅಂದದ್ದಲ್ಲ, ಪುಸ್ತಕದಿಂದ ತಲೆ ಎತ್ತದೆ ಅಂದದ್ದು. ಅವಳಿಗೆ ಅದು ಆ ಸಂಜೆಗೇ ಮರೆತಿರಬೇಕು. ಆದರೆ ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದ ಅವನ ಅವ್ವ ವಿರೂಪಮ್ಮ ಕೇಳಿಸಿಕೊಂಡು ಮುಸಿಮುಸಿ ನಕ್ಕಿದ್ದಳು. ಆ ನಗು ಅವನ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಅಂದಿನಿಂದ ಹೆಂಡತಿಯ ಮುಂದೆ ಪ್ರಶ್ನೆ ಬಾಯಿಗೆ ಬಂದರೆ ನುಂಗುವುದು ರೂಢಿಯಾಗಿತ್ತು. ಇವತ್ತೂ ನುಂಗಿದ್ದ, ನುಂಗಿ ಸಾಮಾನನ್ನೆಲ್ಲ ಗಾಡಿಗೆ ಹೇರಿಸಿ, ಕೆಳಗೆ ಹಗ್ಗ ಹಿಡಿಯುವ ಮೈಲಾರಲಿಂಗಪ್ಪನನ್ನು ಮೋಕದಿಂದ ಕರೆಸಿಕೊಂಡು ಹೊರಟು ಬಂದಿದ್ದ.

ಅವಳು ಪಾಸು ಮಾಡಿದ್ದು ಸಣ್ಣ ಪರೀಕ್ಷೆಯಲ್ಲ. ರೂಪನಗುಡಿಯ ಹುಡುಗಿ, ಅವನ ಸೋದರತ್ತೆಯ ಮಗಳು, ತೋಟಗಾರಿಕೆ ಓದಿದವಳು ನರ್ಸರಿ ಇಟ್ಟುಕೊಂಡು ಗುಲಾಬಿ ಮಾರಿದ್ದರೂ ಯಾರೂ ಬ್ಯಾಡ ಅನ್ನುತ್ತಿರಲಿಲ್ಲ. ಅದು ಬಿಟ್ಟು ಗಿಡದ ಆರೈಕೆ ಬಲ್ಲವರಿಗೆ ಕೊಡುವ ಸರ್ಟಿಫಿಕೇಟು ಬೇಕೆಂದು ಹಟ ಹಿಡಿದಳು. ಮಣ್ಣು, ನೀರು, ಬೇರು, ರೋಗ, ಹಗ್ಗ, ಗಂಟು, ಯಾವ ಕೊಂಬೆ ಯಾರ ತಲೆಯ ಮೇಲೆ ಬೀಳಬಹುದು ಎಂಬ ಅಂದಾಜು, ಎಲ್ಲವೂ ಇಂಗ್ಲಿಷಿನಲ್ಲಿ. ರೊಟ್ಟಿ ಬಡಿಯುತ್ತ ಬಡಿಯುತ್ತ ಒಂದೊಂದು ಪಾಠವನ್ನೂ ಬಳ್ಳಾರಿ ಮಾತಿಗೆ ಇಳಿಸಿ ಗಂಡನಿಗೆ ಹೇಳುತ್ತಿದ್ದಳು, ಅವನಿಗೆ ತಿಳಿದರೆ ತನಗೆ ತಿಳಿದಂತೆ ಎಂದು. ನೀರನ್ನು ಬುಡಕ್ಕೆ ಸುರೀಬಾರದ್ರಿ, ನಡು ಮಧ್ಯಾಹ್ನ ಗಿಡದ ನೆರಳು ಎಲ್ಲಿಗೆ ಮುಗಿತೈತೋ ಆ ಅಂಚಿಗೆ ಬಿಡಬೇಕು, ಉಣ್ಣೋ ಬೇರು ಇರೋದು ಅಲ್ಲಿ. ನಮ್ಮಂಥ ಒಣ ಸೀಮೆಯಾಗ ದಿನಾ ಚೂರು ಚೂರು ಕುಡಿಸಿದ್ರ ಬೇರು ಮ್ಯಾಲೇ ಉಳಿದು ಸೊಕ್ಕತಾವು, ಅಪರೂಪಕ್ಕ ಕೊಡ್ರಿ, ಆಳಕ್ಕ ಇಳಿಯೋಹಂಗ ಕೊಡ್ರಿ. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಉಬ್ಬಿದ ಸುತ್ತು ಇರುತ್ತದಲ್ಲ, ಅದನ್ನು ಗರಗಸ ಮುಟ್ಟಿದರೆ ಗಾಯ ಎಂದೂ ಮುಚ್ಚುವುದಿಲ್ಲ; ಅದಕ್ಕೊಂದು ಹೆಸರು ಬೇಕೆಂದಾಗ ಕೊರಳಪಟ್ಟಿ ಅನ್ನು ಎಂದು ಸೂಚಿಸಿದವನು ಅವನೇ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದ್ದಳು, ಛಲೋ ಅಂದ್ರಿ ನೋಡ್ರಿ ಅಂದಿದ್ದಳು. ಆ ದಿನ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ. ಮೊದಲ ಸಲ ಅವಳು ಫೇಲಾದಾಗ ಅವನೇ ಅತ್ತದ್ದು, ಅವಳಲ್ಲ. ಎರಡನೆಯ ಸಲ ಪಾಸಾದಳು. ಪಾಸಾದರೂ ಮುಗಿಯುವುದಿಲ್ಲವಂತೆ, ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಕಲಿತದ್ದನ್ನು ತೋರಿಸದಿದ್ದರೆ ಸರ್ಟಿಫಿಕೇಟು ಹೋಗುತ್ತದಂತೆ. ಹಿಂಗ ಬಾಕಿ ಡಾಕ್ಟರಿಗೂ ಮಾಡಬೇಕು ನೋಡು ಎಂದು ಹಂಪೇಶ್ ಚಹಾದಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ತರಬೇತಿಗೆಂದು ಬೆಂಗಳೂರಿಗೆ ಹೋಗಿ ಬಂದ ಮೇಲೆ ಅವಳ ಮಾತು ಒಂದೇ ಒಂದು ಕಡೆ ಬದಲಾಗಿತ್ತು. ಅಲ್ಲಿ ಅವಳು ನಮ್ಮೂರಾಗೊಂದು ದೊಡ್ಡ ಆಲದ ಗಿಡ ಐತಿ ಎಂದಾಗ ಪಕ್ಕದವನೊಬ್ಬ, ಗಿಡಾನಾ, ಯಾವ ಕುಂಡದಲ್ಲಿ ಇಟ್ಟಿದ್ದೀರಾ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದನಂತೆ. ಬಳ್ಳಾರಿಯಲ್ಲಿ ಎಲ್ಲವೂ ಗಿಡವೇ. ಅಂಗೈಯಗಲದ ತುಳಸಿಯೂ ಗಿಡ, ಮುಗಿಲು ಮುಟ್ಟುವ ಹುಣಸೆಯೂ ಗಿಡ. ಅವಳು ಆ ನಗುವನ್ನು ಗಂಟು ಕಟ್ಟಿಕೊಂಡು ಬಂದಳು. ದೊಡ್ಡದು ಮರ, ಸಣ್ಣದು ಗಿಡ, ಇನ್ನು ಮ್ಯಾಲೆ ಹಂಗs ಅನ್ನೋಣು ಅಂದಳು. ಅಂಗಡಿಯ ಬೋರ್ಡಿನ ಮೇಲೂ ಮರಗಳ ಆರೈಕೆ ಎಂದೇ ಬರೆಸಿದಳು. ಅದನ್ನು ಓದಿಸಿಕೊಂಡ ವಿರೂಪಮ್ಮನಿಗೆ ಒಂದು ವಾರ ನಗು. ಕೈಯಲ್ಲಿದ್ದ ಮರವನ್ನು, ಅಂದರೆ ಅಕ್ಕಿ ಕೇರುವ ಬಿದಿರಿನ ಮರವನ್ನು, ಮೇಲೆತ್ತಿ ತೋರಿಸಿ, ಇದಕ್ಕೂ ಆರೈಕಿ ಮಾಡವ್ವ, ಅಂಚು ಕಿತ್ತೈತಿ ಅನ್ನುತ್ತಿದ್ದಳು. ಅನುಷಾ ನಕ್ಕು ಸುಮ್ಮನಾಗುತ್ತಿದ್ದಳು, ಮಾತು ಮಾತ್ರ ಬಿಡಲಿಲ್ಲ. ಹಂಪೇಶನ ನಾಲಿಗೆಗೆ ಅದು ಹತ್ತಲೇ ಇಲ್ಲ. ಮರ ಅನ್ನಲು ಹೋದರೆ ಅವ್ವನ ಮರವೇ ಕಣ್ಣ ಮುಂದೆ ಬರುತ್ತಿತ್ತು.

ಕೊಂಬೆಯ ಮೇಲೆ ಬಿಸಿಲು ಬಲಿಯುತ್ತಿತ್ತು. ಮಳೆಗಾಲ ಹಿಂದೆ ಬಿದ್ದರೂ ಈ ಕಡೆ ತಂಪೆಂಬುದು ಇನ್ನೂ ಹೆಜ್ಜೆ ಇಟ್ಟಿರಲಿಲ್ಲ. ಕುರುಗೋಡಿನ ಗುಡ್ಡದ ಬಂಡೆಗಳು ಹೊತ್ತೇರುವ ಮೊದಲೇ ಕಾದಿದ್ದವು. ಅವನ ಬಲಗಾಲು ಊರಿದ್ದು ದೊಡ್ಡ ಕವಲಿನಲ್ಲಿ. ಆ ಕವಲಿನ ಸಂದಿಯಲ್ಲಿ ಹಕ್ಕಿ ಹಿಕ್ಕೆ ಹಾಕಿ ಹುಟ್ಟಿದ್ದ ಮೊಳದುದ್ದದ ಅರಳಿಯೊಂದು ಎಲೆ ಅಲ್ಲಾಡಿಸುತ್ತ ನಿಂತಿತ್ತು. ಹತ್ತುವಾಗಲೇ ಕಂಡಿತ್ತು, ಇಡೀ ಬೇವೇ ಹೋಗುವಾಗ ಇದನ್ನು ಯಾರು ಕೇಳುತ್ತಾರೆ ಎಂದು ಅದರ ಪಕ್ಕದಲ್ಲೇ ಕಾಲಿಟ್ಟಿದ್ದ. ಈಗ ಒಂದೊಂದೇ ಸಂಗತಿ ಎದುರು ಬಂದು ನಿಂತವು. ಗಿಡ ತೆಗೆಯಲು ಇಲಾಖೆಯ ಪರವಾನಗಿ ಬೇಕು, ಅದರ ಮಾತೇ ಅವಳು ಆಡಿರಲಿಲ್ಲ. ಬೇವಿಗೆ ಈ ನಡುವೆ ಬಂದಿರುವ ಚಿಗುರು ಸುಡುವ ರೋಗದ ಬಗ್ಗೆ ಹೇಳಿಕೊಟ್ಟವಳು ಅವಳೇ. ನೋಡಾಕ ಸತ್ತಂಗ ಕಾಣ್ತೈತ್ರಿ, ಚಳಿ ಕಳೀಲಿ, ಮತ್ತ ಚಿಗಿತೈತಿ, ಮಂದಿ ಕಾಯಂಗಿಲ್ಲ, ಕಡಿತಾರ ಅಂದವಳೂ ಅವಳೇ. ಕಡಿಯೋಕಿಂತ ಮೊದಲು ತೊಗಟೆ ಕೆರೆದು ನೋಡ್ರಿ ಎಂದು ಈ ಚಾಕು ಕೊಟ್ಟವಳೂ ಅವಳೇ. ಹಂಗಿದ್ದಾಕಿ ತೆಗೀರಿ ಅಂದಳಲ್ಲ. ತನಗೆ ತಿಳಿಯದ ಕಾರಣ ಏನೋ ಇರಬೇಕು. ಬೇರಿನಲ್ಲಿ ಕೊಳೆ ಕಂಡಿರಬೇಕು. ಆದರೆ ಬುಡವನ್ನು ಅವನೂ ಸುತ್ತು ಹಾಕಿ, ಮರದ ಸುತ್ತಿಗೆಯಿಂದ ಬಡಿದು, ಸದ್ದು ಕೇಳಿಯೇ ಹತ್ತಿದ್ದ, ಗಟ್ಟಿಯಾಗಿತ್ತು. ಹೀಗೆ ತನ್ನ ಕಣ್ಣು ಒಂದು ಹೇಳುವುದು, ಹೆಂಡತಿಯ ಮಾತು ಒಂದು ಹೇಳುವುದು ಅವನಿಗೆ ಹೊಸದು. ಅವಳನ್ನು ಕೈಬಿಟ್ಟು ತಾನೊಬ್ಬನೇ ಎಲ್ಲಿಗೋ ನಡೆದು ಹೋದಂತೆ ಅನಿಸಿ ಅವನಿಗೆ ಬೇಜಾರಾಯಿತು.

“ಏನಪ್ಪ ಹಂಪೇಶ, ನಿದ್ದಿ ಹತ್ತಿತೇನು?” ಎಂದು ಕೆಳಗಿನಿಂದ ಚನ್ನಬಸವರಾಜ ಕೂಗಿದ.

ಈ ಚನ್ನಬಸವರಾಜ ಹೊನ್ನೂರಮ್ಮನ ಮೈದುನ. ಬೇವಿನ ಬುಡಕ್ಕೆ ಸುತ್ತ ಸಿಮೆಂಟು ಹಾಕಿಸಿ ಕಟ್ಟೆ ಮಾಡಿಸಿದವನು, ಎಲೆ ಕಂದಿದ ದಿನದಿಂದ ಮನಿ ಮುಂದ ಒಣಗಿದ ಗಿಡ ಇರಬಾರದು ಎಂದು ಅತ್ತಿಗೆಯ ಬೆನ್ನು ಹತ್ತಿದವನು. ಹೊನ್ನೂರಮ್ಮ ಆ ಬೇವಿನ ನೆರಳಲ್ಲಿ ಬೆಳಗಿನ ಹೊತ್ತು ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿ ಮಾರುತ್ತಾಳೆ. ನೆರಳು ಹೋದರೆ ಒಲೆ ಎಲ್ಲಿ ಹೂಡುವುದು, ಮಂದಿ ಎಲ್ಲಿ ಕೂತು ತಿನ್ನುವುದು. ಒಬ್ಬರಿಗೆ ತೋರ್ಸೋಣ ತಡಿ ಎಂದು ಹಟ ಮಾಡಿ ಅನುಷಾಳನ್ನು ಕರೆಸಿದವಳು ಅವಳೇ. ಗಿಡಕ್ಕೊಂದು ಡಾಕ್ಟರು, ಅದೂ ಹೆಣ್ಣ್ಮಗಳು ಎಂದು ಚನ್ನಬಸವರಾಜ ಹೊಟ್ಟೆ ಹಿಡಿದು ನಕ್ಕಿದ್ದು ಇಡೀ ಓಣಿಗೆ ಗೊತ್ತು. ನಿನ್ನೆ ಅನುಷಾ ಬಂದಳು, ನೋಡಿದಳು, ಏನೂ ಹೇಳದೆ ಹೋದಳು. ಗಿಡದ ಬುಡದಲ್ಲಿ ನಿಂತು ತೀರ್ಪು ಹೇಳಬಾರದು, ಮನೆಗೆ ಹೋಗಿ ಒಮ್ಮೆ ಯೋಚಿಸಿ ಆಮೇಲೆ ಹೇಳಬೇಕು ಎಂಬುದು ಅವಳ ಪದ್ಧತಿ. ಹಾಗಾಗಿ ಇವತ್ತು ಹಂಪೇಶ್ ಬಂದು ಹೇಳಿದ್ದೇ ಅವರಿಗೆ ತೀರ್ಪು. ತೆಗೀಬೇಕಂತ್ರಿ ಅಂದಾಗ ಚನ್ನಬಸವರಾಜನ ಎದೆ ಒಂದು ಗೇಣು ಉಬ್ಬಿತು. ನೋಡಿದ್ಯಾ ಅತ್ತಿಗಿ, ನಾ ಹೇಳಿದ್ದನ್ನs ಆಕಿನೂ ಹೇಳ್ಯಾಳ, ಓದಿದಾಕಿ ಹೌದಪ್ಪ ಎಂದು ಮೊದಲ ಸಲ ಹೊಗಳಿದ. ಹೊನ್ನೂರಮ್ಮ ಒಲೆ, ಬಾಣಲೆ, ಬೆಂಚು ಒಂದೊಂದಾಗಿ ಎತ್ತಿ ಗೋಡೆಗೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಬರೋ ಯುಗಾದಿಗೆ ಬೇವು ಯಾರ ಮನ್ಯಾಗ ಬೇಡಿ ತರ್ಲಪ್ಪ ಅಂದಳು, ಯಾರಿಗೂ ಅಲ್ಲ, ಸುಮ್ಮನೆ.

ಗರಗಸ ಶುರು ಮಾಡಲೇ ಎಂದು ಹಂಪೇಶ್ ಹಗ್ಗಕ್ಕೆ ಭಾರ ಕೊಟ್ಟು ಕೂತ. ಮೊದಲು ಲೈನ್ ಕ್ಲಿಯರ್ ಮಾಡುವ ಗ್ಯಾಂಗಿನಲ್ಲಿದ್ದಾಗ ಇಂಥ ಯೋಚನೆ ಇರಲೇ ಇಲ್ಲ. ತಂತಿಗೆ ತಾಗಿತೋ, ತಲೆ ಹೊಡಿ. ಹುಲುಗೇಶ, ತಾನು, ಇನ್ನಿಬ್ಬರು, ಬಳ್ಳಾರಿಯಿಂದ ಮೋಕದ ತನಕ ಎಷ್ಟು ಗಿಡಗಳನ್ನು ಬೋಳಿಸಿದರೋ. ಬೋಳಿಸಿದ ಗಿಡದ ತೊಗಟೆಗೆ ಬಿಸಿಲು ಬಡಿದು ಸೀಳುತ್ತದೆ, ಸೀಳಿನಲ್ಲಿ ಹುಳ ಸೇರುತ್ತದೆ ಎಂದು ಆಗ ಹೇಳಿದ್ದರೆ ಗಿಡಕ್ಕೂ ಬಿಸಿಲು ಬಡಿತೈತೇನು ಅನ್ನುತ್ತಿದ್ದ. ಈಗ ತಿಳಿದುಬಿಟ್ಟಿದೆ. ತಿಳಿದ ಮೇಲೆ ಕೈ ಹಿಂದಿನಂತೆ ಆಡುವುದಿಲ್ಲ. ಕಡಿಯದೆ ಇಳಿದು, ಇದು ಜೀವಂತ ಐತ್ರಿ, ತೆಗೆಯಂಗಿಲ್ಲ ಅನ್ನಬಹುದು. ಅಂದರೆ ಏನಾಗುತ್ತದೆ ಎಂಬುದು ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು: ಚನ್ನಬಸವರಾಜ ಕೈ ತಟ್ಟಿ ನಗುತ್ತಾನೆ. ಹೆಂಡ್ತಿ ಸತ್ತೈತಿ ಅಂತಾಳ, ಗಂಡ ಬದುಕೈತಿ ಅಂತಾನ, ಕೊನಿಗೆ ಗಂಡಸೇ ಬರಬೇಕಾಯ್ತು ನೋಡ್ರಿ ಎಂದು ಸಂಜೆಯೊಳಗೆ ಕುರುಗೋಡು, ನಾಳೆಗೆ ಸಿರುಗುಪ್ಪ, ಆಮೇಲೆ ಬಳ್ಳಾರಿಯ ತನಕ ಹಬ್ಬಿಸುತ್ತಾನೆ. ಅಷ್ಟು ಕಷ್ಟಪಟ್ಟು ಕಟ್ಟಿದ ಹೆಸರು. ಒಬ್ಬಳೇ ಹೆಣ್ಣುಮಗಳು ಹೆಲ್ಮೆಟ್ ಹಾಕಿಕೊಂಡು ಗಿಡ ಹತ್ತುವುದನ್ನು ನೋಡಿ ಶಿಳ್ಳೆ ಹೊಡೆದವರ ನಡುವೆ, ಆ ಶಿಳ್ಳೆ ಕೇಳಿಸದವಳಂತೆ ಗಂಟು ಬಿಗಿದು, ಒಂದೊಂದೇ ಊರಿನಲ್ಲಿ ಗಳಿಸಿದ ಹೆಸರು. ಅದನ್ನು ಕೆಡಿಸುವವನು ತಾನಾಗಬೇಕೇ. ಕಡಿದರೆ ಬೇವು ಹೋಗುತ್ತದೆ, ಕಡಿಯದೆ ಬಾಯಿ ಬಿಟ್ಟರೆ ಅವಳ ಹೆಸರು ಹೋಗುತ್ತದೆ.

ಆಮೇಲೆ ಚಾಕು ಮಡಚಿ ಕಿಸೆಗೆ ಇಟ್ಟುಕೊಂಡು ನಿಧಾನವಾಗಿ ಹಗ್ಗ ಹಿಡಿದು ಇಳಿದ. ನೆಲ ಮುಟ್ಟಿದವನು ಹೆಲ್ಮೆಟ್ ತೆಗೆದು, ಬೇವಿನ ಕಟ್ಟೆಯ ಮೇಲೆ ಕುಸಿದು ಕೂತು, ತಲಿ ತಿರುಗಾಕ ಹತ್ತೈತ್ರಿ ಅಂದ.

ಮೈಲಾರಲಿಂಗಪ್ಪ ಬೆಪ್ಪಾಗಿ ನೋಡಿದ. ಇಪ್ಪತ್ತು ವರ್ಷದಿಂದ ಈ ಮನುಷ್ಯ ತೆಂಗು, ತಾಳೆ, ಟವರು ಏನು ಹತ್ತಿದರೂ ತಲೆ ತಿರುಗಿದ್ದನ್ನು ಅವನು ಕಂಡವನಲ್ಲ. ಕಣ್ಣಲ್ಲೇ ಏನೆಂದು ಕೇಳಿದ, ಹಂಪೇಶ್ ಕಣ್ಣು ತಪ್ಪಿಸಿದ. ಹೊನ್ನೂರಮ್ಮ ಓಡಿಹೋಗಿ ನೀರು ತಂದಳು, ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಎದುರು ಮನೆಯ ಮುದುಕಿ ತೆಲುಗಿನಲ್ಲಿ, ಪಾಪಂ, ಕಳ್ಳು ತಿರಿಗಾಯಿ ಎಂದು ಮರುಗಿದಳು. ಪಾಪ, ಕಣ್ಣು ತಿರುಗಿವೆ ಎಂಬುದು ಅವಳ ಮಾತು; ಅರ್ಥ ಗೊತ್ತಿದ್ದೂ ಚನ್ನಬಸವರಾಜ ಅದನ್ನು ಕನ್ನಡಕ್ಕೆ ಹಿಡಿದುಕೊಂಡ. ಹೌದವ್ವ, ಕಳ್ಳೇ ತಿರುಗಿದ್ದು, ಬೆಳಿಗ್ಗೆನೇ ಏರಿಸಿ ಬಂದಿರಬೇಕು ಅಂದ. ಬೀದಿಗೆ ಬೀದಿಯೇ ನಕ್ಕಿತು. ಕರೆಂಟು ಹೋಗಿ ಫ್ಯಾನಿಲ್ಲದೆ ಹೊರಗೆ ಬಂದು ಕೂತಿದ್ದವರಿಗೆಲ್ಲ ಒಂದು ಆಟ ಸಿಕ್ಕಂತಾಯಿತು. ಗಿಡ ಏರಾಕ ಬರದಿದ್ರ ಏಣಿ ತರ್ತಿದ್ವಿ ಅಂದ ಒಬ್ಬ. ಹೆಂಡ್ತೀನೇ ಏರಿಸಬೇಕಿತ್ತು ಅಂದ ಇನ್ನೊಬ್ಬ. ಹಂಪೇಶನ ಕಿವಿಯ ತುದಿ ಉರಿಯುತ್ತಿತ್ತು. ಜೀವನದಲ್ಲಿ ಅವನಿಗೆ ಹೆಮ್ಮೆ ಅಂತ ಇದ್ದದ್ದು ಎರಡೇ, ಒಂದು ಹೆಂಡತಿ, ಇನ್ನೊಂದು ಎತ್ತರದಲ್ಲಿ ಕಾಲು ನಡುಗುವುದಿಲ್ಲ ಎಂಬುದು. ಎರಡನೆಯದನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟು ಕೂತಿದ್ದ. ನಗಲಿ. ಕುಡುಕ ಅನ್ನಲಿ. ನನ್ನ ಹೆಸರು ತಾನೇ. ಹಾಗೆ ಅಂದುಕೊಂಡರೂ ಹೊನ್ನೂರಮ್ಮ ಕೊಟ್ಟ ನೀರನ್ನು ಕುಡಿಯದೆ ಕೆಳಗಿಟ್ಟ.

ಅನುಷಾಳಿಗೆ ಫೋನು ಹಚ್ಚಿದ. ಬಡಿದು ಬಡಿದು ನಿಂತಿತು. ಮತ್ತೆ ಹಚ್ಚಿದ. ಗಿಡದ ಮೇಲಿದ್ದಾಗ ಫೋನು ಕೆಳಗೆ ಚೀಲದಲ್ಲಿ ಇರಬೇಕೆಂಬುದು ಅವಳು ಮಾಡಿದ ನಿಯಮ, ಅದನ್ನು ಅವಳು ಮುರಿಯುವವಳಲ್ಲ. ಗೊತ್ತಿದ್ದೂ ಹಚ್ಚುತ್ತಲೇ ಇದ್ದ. ಇತ್ತ ಚನ್ನಬಸವರಾಜ ಸುಮ್ಮನೆ ಕೂರುವ ಜಾತಿಯಲ್ಲ. ಮಧ್ಯಾಹ್ನಕ್ಕೆ ಕರೆಂಟ್ ಬಂದುಬಿಟ್ರ ಮತ್ತ ಯಾವಾಗ ತೆಗೆಸೋದು ಎಂದು, ಹಂಪೇಶನ ಹಳೆಯ ಗ್ಯಾಂಗಿನ ಹುಲುಗೇಶನಿಗೇ ಫೋನು ಮಾಡಿ, ಮಿಷನ್ ತಗೊಂಡು ಬಾರಲೇ ಎಂದು ಕರೆದ. ಹುಲುಗೇಶ ಕೋಳೂರಿನ ಹತ್ತಿರ ಕೆಲಸದ ಮೇಲಿದ್ದಾನಂತೆ, ಮುಗಿಸಿಕೊಂಡು ಮಧ್ಯಾಹ್ನದೊಳಗೆ ಬರುತ್ತಾನಂತೆ. ಅದನ್ನು ಕೇಳಿ ಹಂಪೇಶನಿಗೆ ನಿಜವಾಗಿಯೇ ತಲೆ ತಿರುಗಿತು. ಹುಲುಗೇಶ ಕೆರೆದು ನೋಡುವವನಲ್ಲ. ಎದ್ದು ಹೋಗಿ ಬೇವಿಗೆ ಬೆನ್ನು ಕೊಟ್ಟು ನಿಂತ. ನನ್ನ ಹಗ್ಗ ಮ್ಯಾಲೈತಿ, ಒಬ್ಬರ ಹಗ್ಗ ಇರೋ ಗಿಡ ಇನ್ನೊಬ್ಬರು ಏರಂಗಿಲ್ಲ, ಇದು ಕಾನೂನು ಅಂದ. ಯಾವ ಕಾನೂನಲೇ ಎಂದು ಚನ್ನಬಸವರಾಜ ರೇಗಿದ. ಹಂಪೇಶನ ಬೆನ್ನಿಗೆ ಒತ್ತುತ್ತಿದ್ದ ಬೇವಿನ ಒರಟು ತೊಗಟೆ ಇನ್ನೂ ತಣ್ಣಗಿತ್ತು.

ಹುಲುಗೇಶನಿಗಿಂತ ಮೊದಲು ಬಂದದ್ದು ಅನುಷಾಳ ಸ್ಕೂಟಿ. ಸಿರುಗುಪ್ಪದ ದಾರಿಯ ಧೂಳನ್ನೆಲ್ಲ ಮೈಮೇಲೆ ಹೊದ್ದುಕೊಂಡು ಬಂದವಳು ಗಾಡಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಬೀಳಿಸಿ, ಜನರನ್ನು ಸರಿಸಿಕೊಂಡು ನೇರ ಗಂಡನ ಹತ್ತಿರ ಹೋದಳು. ಭುಜ ಮುಟ್ಟಿದಳು, ಮೊಣಕೈ ಹಿಡಿದು ಮಡಚಿ ನೋಡಿದಳು, ತಲೆಯ ಹಿಂದೆ ಕೈಯಾಡಿಸಿದಳು. ಅಷ್ಟೊಂದು ಫೋನು ಬಂದದ್ದನ್ನು ಇಳಿದ ಮೇಲೆ ಕಂಡವಳು, ತಿರುಗಿ ಹಚ್ಚಿದರೆ ಲೈನು ಸಿಗದೆ, ಅವನು ಬಿದ್ದಿದ್ದಾನೆ ಎಂದೇ ತಿಳಿದು ಬಂದಿದ್ದಳು. ಬೀದಿಯ ನಡುವೆ ಹೆಂಡತಿ ಹೀಗೆ ಮೈ ಮುಟ್ಟಿ ನೋಡುವುದು ಅವನಿಗೆ ನಾಚಿಕೆ ಎನಿಸಿತು, ಆದರೂ ಅವಳ ಕೈ ತೆಗೆಯಲಿಲ್ಲ.

“ಏನಾಗೈತ್ರಿ?”

“ತಲಿ ತಿರುಗ್ತು.”

“ನಿಮಗಾ?” ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮೇಲೆ ನೋಡಿದಳು, ಕೊಂಬೆಯಲ್ಲಿ ತೂಗುತ್ತಿದ್ದ ಹಗ್ಗವನ್ನು, ಮತ್ತೆ ಕೆಳಗೆ ಅವನ ಬೆಲ್ಟಿನಲ್ಲಿದ್ದ ದೊಡ್ಡ ಗರಗಸವನ್ನು. “ಅಷ್ಟು ಸಣ್ಣ ಕೆಲಸಕ್ಕ ಮಿಷನ್ ಯಾಕ ತಂದ್ರಿ?”

ಅವನು ದನಿ ತಗ್ಗಿಸಿದ. “ಒಳಗ ಹಸಿರೈತಿ ಅನುಷಾ. ಸತ್ತಿಲ್ಲ ಅದು. ಮೂರು ಕಡೆ ಕೆರೆದೆ.”

“ಸತ್ತೈತಿ ಅಂತ ಯಾರಂದ್ರು? ಯುಗಾದಿಗೆ ಹೂ ಬಿಡ್ತೈತಿ ನೋಡ್ರಿ.”

“ನೀನೇ ಗಿಡ ತೆಗೀರಿ ಅಂದ್ಯಲ್ಲ.”

“ಗಿಡ ಅಂದೆ. ಮರ ಅಂದ್ನೇನು?” ಅಂದಳು. ಅಂದ ಬಾಯಿ ಹಾಗೆಯೇ ತೆರೆದು ನಿಂತಿತು.

ಅವನೂ ಮೇಲೆ ನೋಡಿದ. ಕವಲಿನ ಸಂದಿಯಲ್ಲಿ ಆ ಮೊಳದುದ್ದದ ಅರಳಿ ಎಲೆ ಅಲ್ಲಾಡಿಸುತ್ತಿತ್ತು. ಬೆಳೆಯಲು ಬಿಟ್ಟರೆ ಬೇರು ಇಳಿಸಿ ಬೇವನ್ನು ಸೀಳುವಂಥದ್ದು. ತಂತಿಯ ಪಕ್ಕದಲ್ಲೇ ಇರುವಂಥದ್ದು. ಅನುಷಾ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಮುಖದ ಬಣ್ಣ ಇಳಿದದ್ದು ಧೂಳಿನ ಕೆಳಗೂ ಕಂಡಿತು. ಬೆಂಗಳೂರಿನಲ್ಲಿ ಯಾವನೋ ನಕ್ಕದ್ದಕ್ಕೆ ತಾನು ತಿದ್ದಿಕೊಂಡ ಒಂದು ಮಾತು ಇನ್ನೊಂದು ಗಳಿಗೆಯಲ್ಲಿ ಈ ಬೇವನ್ನು ನೆಲಕ್ಕೆ ಉರುಳಿಸುತ್ತಿತ್ತು ಎಂಬುದು ಅವಳಿಗೆ ಒಂದೇ ಸಲಕ್ಕೆ ತಿಳಿದಿರಬೇಕು. ಹೋಗ್ಲಿ ಬಿಡು, ಯಾರಿಗೂ ತಿಳಿದಿಲ್ಲ, ನನಗ ತಲಿ ತಿರುಗೈತಿ ಅಂತ ಹೇಳೀನಿ, ಅಷ್ಟಕ್ಕs ಇರ್ಲಿ ಎಂದು ಅವನು ಪಿಸುಗುಟ್ಟಿದ. ನೀನು ರೋಗ ಮತ್ತೊಮ್ಮೆ ನೋಡಿ ಮನಸ್ಸು ಬದಲಿಸಿದೆ ಅಂತ ಹೇಳು, ಯಾರು ಕೇಳ್ತಾರ ಅಂದ. ಅವಳು ತಲೆಯೆತ್ತಿ ಅವನನ್ನು ನೋಡಿದ ರೀತಿಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಕೊರಳಪಟ್ಟಿ ಎಂಬ ಮಾತು ಸಿಕ್ಕ ದಿನವೂ ಅವಳು ಹಾಗೆ ನೋಡಿರಲಿಲ್ಲ.

ಎದ್ದು ನಿಂತಳು. ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ, ಹೇಳಿದಳು: ಈ ಬೇವು ಸತ್ತಿಲ್ಲ, ಇದಕ್ಕೆ ಬಂದಿರುವುದು ಚಿಗುರು ಸುಡುವ ರೋಗ, ಕಾದರೆ ಚಿಗುರುತ್ತದೆ. ತಾನು ತೆಗೆಯಲು ಹೇಳಿದ್ದು ಕವಲಿನಲ್ಲಿ ಹುಟ್ಟಿದ ಅರಳಿಯನ್ನು. ನಮ್ಮ ಮಾತಿನಲ್ಲಿ ಎರಡೂ ಗಿಡವೇ ಎಂಬುದನ್ನು ಮರೆತು ಹೇಳಿದ್ದು ತನ್ನ ತಪ್ಪು. ಚನ್ನಬಸವರಾಜ ಇದಕ್ಕಾಗಿಯೇ ಕಾದಿದ್ದವನಂತೆ, ಓದಿದಾಕಿಗೂ ತಪ್ಪಾಕೈತಿ ಅನ್ನು ಎಂದ. ಹಂಪೇಶ್ ಕಣ್ಣು ಮುಚ್ಚಿಕೊಂಡ. ಆದರೆ ಅವಳು ಆಕೈತ್ರಿ ಅಂದಳು, ಅಷ್ಟೇ ಸಲೀಸಾಗಿ, ಕಟ್ಟೆಯ ಸಿಮೆಂಟನ್ನು ತೋರಿಸಿ, ನಿಮಗೂ ಆಗೈತಿ, ಇದನ್ನ ಒಡೆಸ್ರಿ, ನೀರಿಲ್ಲದ ಬೇರು ಉಸಿರು ಕಟ್ಟಾಕ ಹತ್ಯಾವು ಅಂದಳು. ಹೊನ್ನೂರಮ್ಮ ಆಗಲೇ ಹಾರೆ ಎಲ್ಲಿದೆ ಎಂದು ಹುಡುಕುತ್ತಿದ್ದಳು.

ಚನ್ನಬಸವರಾಜ ಸೋಲು ಒಪ್ಪುವವನಲ್ಲ. “ಹಂಗಾರ ಇವನ ತಲಿ ತಿರುಗಿದ್ದು?”

“ಸುಳ್ಳು,” ಅಂದಳು ಅನುಷಾ. “ಇವರಿಗೆ ಎಂದೂ ತಲಿ ತಿರುಗಿಲ್ಲ. ಗಿಡದಾಗ ಜೀವ ಐತಿ ಅಂತ ಗೊತ್ತಾತು, ಕಡೀಲಿಲ್ಲ. ನನ್ನ ಹೆಸರು ಕೆಡ್ತೈತಿ ಅಂತ ಬಾಯಿ ಬಿಡ್ಲಿಲ್ಲ. ನೀವು ಕುಡುಕ ಅಂದಿದ್ದು ಕೇಳ್ಕೊಂಡು ಕುಂತಾರ.” ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಚನ್ನಬಸವರಾಜ ಕಳ್ಳಿನ ಮಾತಾಡಿದ್ದು ಅವಳಿಗೆ ಹೇಗೆ ತಿಳಿಯಿತೆಂದು ಹಂಪೇಶ್ ಅತ್ತಿತ್ತ ನೋಡಿದ. ಅವಳು ಕಟ್ಟೆಯಿಂದ ಏಳುವಾಗ ಅವಳ ಕಿವಿಯ ಹತ್ತಿರ ಬಾಗಿದ್ದ ಮೈಲಾರಲಿಂಗಪ್ಪ ಈಗ ಬಹಳ ಶ್ರದ್ಧೆಯಿಂದ ಹಗ್ಗದ ಗಂಟು ನೋಡುತ್ತಿದ್ದ.

ಚನ್ನಬಸವರಾಜ ಫೋನು ಕಿವಿಗೆ ಹಿಡಿದು, ಬರೋದು ಬ್ಯಾಡಲೇ ಎಂದು ಹುಲುಗೇಶನಿಗೆ ಹೇಳುತ್ತ ಪಕ್ಕಕ್ಕೆ ಸರಿದ. ಹಂಪೇಶ್ ಎಲ್ಲಿ ನೋಡಬೇಕೆಂದು ತಿಳಿಯದೆ, ಮಿಷನ್ ಗರಗಸವನ್ನು ಬೆಲ್ಟಿನಿಂದ ಬಿಚ್ಚಿ ಕೆಳಗಿಟ್ಟು, ಸಣ್ಣ ಕೈಗರಗಸ ತೆಗೆದುಕೊಂಡು, ಹೆಲ್ಮೆಟ್ ಹಾಕಿಕೊಂಡು ಹಗ್ಗ ಹಿಡಿದ. ಮೇಲೆ ಹೋದಷ್ಟೂ ಕೈಕಾಲು ಹಗುರಾದವು. ಕವಲು ತಲುಪಿ, ಬೆಲ್ಟಿನ ಹಗ್ಗ ಸುತ್ತಿ, ಅರಳಿಯ ಎದುರು ಕೂತ. ಅಲ್ಲಿಂದ ಗುಡ್ಡ ಕಾಣುತ್ತಿತ್ತು, ಅದರಾಚೆ ಕಾಲುವೆಯ ಕಡೆಯ ಭತ್ತದ ಹಸಿರು ಕಾಣುತ್ತಿತ್ತು, ಕೆಳಗೆ ಧೂಳು ಮೆತ್ತಿದ ಮುಖ ಮೇಲೆತ್ತಿ ನಿಂತ ಅವಳು ಕಾಣುತ್ತಿದ್ದಳು. ಬೆಳಗ್ಗೆ ನುಂಗಿದ ಪ್ರಶ್ನೆ ಇನ್ನೂ ಅಲ್ಲೇ ಇತ್ತು. ಕೇಳುವುದಕ್ಕೆ ಈಗ ನಾಚಿಕೆಯಾಗಲಿಲ್ಲ. ಇಡೀ ಓಣಿಗೆ ಕೇಳುವಂತೆ ಕೂಗಿದ:

“ಯಾವ ಗಿಡ?”

ಅವಳಿಗೆ ಅಳು ಬಂತೋ ನಗು ಬಂತೋ ಅಷ್ಟು ಮೇಲಿನಿಂದ ಅವನಿಗೆ ತಿಳಿಯಲಿಲ್ಲ. ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

“ಸಣ್ಣ ಗಿಡಾರೀ. ದೊಡ್ಡ ಗಿಡ ಹಂಗs ಇರ್ಲಿ.”